ಮೌನಕ್ಕೊಂದು ಮೈಕ್ ಸೆಟ್

ಅಂಗಡಿಯ ಮೇಲಿನ ಮನೆ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನಮ್ಮ ಗುಡುಗಮ್ಮನ ಅಪ್ಪನವರಿಗೆ, ಅವಳ ಅಮ್ಮನ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಮೊದಲು ಅದನ್ನು ಬರೆಯಿರಿ. ಹೋದ ಸಲದ ನಿಮ್ಮ ಪತ್ರದಲ್ಲಿ ಆರೋಗ್ಯದ ಸುದ್ದಿ ಎಂದು ಇದ್ದದ್ದು ‘ನಾನು ಇದ್ದೇನೆ’ ಅಂತ ಅಷ್ಟೇ. ಇದ್ದೀರಿ ಎಂದು ನನಗೂ ಗೊತ್ತು, ಇಲ್ಲದಿದ್ದರೆ ಪತ್ರ ಬರೆದವರು ಯಾರು? ಕಿವಿಗೆ ಹಾಕುವ ಹನಿ ಮುಗಿಯಿತೋ, ಇನ್ನೂ ಇದೆಯೋ? ಎಡಗಿವಿಯಲ್ಲಿ ಗುಂಯ್ ಎನ್ನುವುದು ಕಡಿಮೆಯಾಯಿತೋ? ನಿದ್ದೆ ಬರುತ್ತದೆಯೋ? ಅತ್ತಿಗೆಯವರು ಊಟಕ್ಕೆ ಭುಜ ತಟ್ಟಿ ಕರೆದರೂ ನೀವು ಕಿಟಕಿಯ ಕಡೆಗೇ ನೋಡುತ್ತಾ ಕೂರುತ್ತೀರಂತೆ. ನನಗೆ ಎಲ್ಲ ಸುದ್ದಿಯೂ ಬರುತ್ತದೆ. ಅಕ್ಕನ ಮನೆಯಲ್ಲಿ ಅಳಿಯನ ಹಾಗೆ ಮುನಿಸಿಕೊಂಡು ಕೂತರೆ ಅವರಿಗೆ ಎಷ್ಟು ಬೇಜಾರಾಗಬೇಡ ಹೇಳಿ. ಹೊಟ್ಟೆ ತುಂಬಾ ಊಟ ಮಾಡಿ, ಸಂಜೆ ಹೊತ್ತು ಒಂದು ಸುತ್ತು ನಡೆದು ಬನ್ನಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ ದಾಟಿ, ಹಿಂದಿನಿಂದ ಬರುವ ಗಾಡಿಯ ಸದ್ದನ್ನು ನಂಬಿಕೊಂಡು ನಡೆಯುವ ಹಳೇ ಅಭ್ಯಾಸ ಈಗ ಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ಸ್ವಲ್ಪ ಬಿಸಿಲಿಗೆ ಕರಗಿದ್ದಾಳೆ, ನಾನು ಕರಗುವ ಪೈಕಿ ಅಲ್ಲ ಎಂದು ನಿಮಗೇ ಗೊತ್ತು.

ಇನ್ನು ನಿಮ್ಮ ಪತ್ರದ ಉಳಿದ ಸಾಲುಗಳ ವಿಷಯ. ಊರಿಗೆಲ್ಲ ಕೇಳುವ ಹಾಗೆ ದನಿ ಹಂಚಿದವರು ಹೆಂಡತಿಗೆ ಅಂತ ಬರೆದದ್ದು ನಾಲ್ಕಾರು ಸಾಲು, ಅದರಲ್ಲಿ ಒಂದೂ ನನಗೆ ಹಿಡಿಸಲಿಲ್ಲ. ‘ಇಷ್ಟು ವರ್ಷ ಜನರ ಕಿವಿಗೆ ಗದ್ದಲ ತುಂಬಿದೆ, ಆ ಗದ್ದಲದಲ್ಲಿ ದೇವರ ದನಿ ಎಲ್ಲೋ ಕಳೆದುಹೋಯಿತು, ಈಗ ಕೂತು ಆಲಿಸೋಣವೆಂದರೆ ಕಿವಿಯೇ ಇಲ್ಲ’ ಎಂದು ಬರೆದಿದ್ದೀರಿ. ಅದರ ಕೆಳಗೆ, ‘ಶಾಮಿಯಾನದವನಿಗೆ ಮಾರುತ್ತೇನೆಂದು ಹೇಳಿದ್ದೇನೆ, ಭಾನುವಾರ ಸಂಜೆ ಬಂದು ಮೈಕ್ ಸೆಟ್ ಪೂರ್ತಿ ತೆಗೆದುಕೊಂಡು ಹೋಗುತ್ತಾನೆ, ಕೊಟ್ಟುಬಿಡು, ಮಗಳನ್ನು ಈ ಕೆಲಸಕ್ಕೆ ಬಿಡಬೇಡ’ ಎಂದು. ಆ ಭಾನುವಾರ ಇವತ್ತೇ. ಸಂಜೆಗೆ ಇನ್ನೂ ಹೊತ್ತಿದೆ. ಕೆಳಗೆ ಅಂಗಡಿಯಲ್ಲಿ ಹಾರ್ನ್ ಸ್ಪೀಕರುಗಳು, ಕಂಬಗಳು, ವೈರಿನ ಸುರುಳಿಗಳು ಎಲ್ಲ ಒಂದು ಕಡೆ ಜೋಡಿಸಿಟ್ಟಾಗಿದೆ. ಮಗಳು ಅಲ್ಲೇ ಕೂತು ಒಂದೊಂದು ಹಾರ್ನ್ ಒರೆಸಿ ಇಡುತ್ತಿದ್ದಾಳೆ. ನಾನೂ ನಿಮ್ಮ ಮಾತು ಮೀರಬೇಕೆಂದು ಕೂತಿಲ್ಲ, ಮೀರಬಾರದೆಂದೂ ಕೂತಿಲ್ಲ. ನಿನ್ನೆ ಬೆಳಿಗ್ಗೆ ನಡೆದದ್ದನ್ನು ನಿಮಗೆ ಹೇಳದೆ ಏನು ಮಾಡಿದರೂ ತಪ್ಪಾಗುತ್ತದೆ ಎಂದು ಬರೆಯಲು ಕೂತಿದ್ದೇನೆ. ಬೇಗ ಓದಿ ಮುಗಿಸಬೇಡಿ.

ನಿಮಗೆ ಈ ನಿರಾಶೆ ಹತ್ತಿದ ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಸ್ಪತ್ರೆಯ ಹೊಸ ಕಟ್ಟಡದ ಸಮಾರಂಭ. ಜನ ಸೇರುವ ಮುಂಚೆ ನೀವು ಎಂದಿನಂತೆ ಏಣಿ ಹತ್ತಿ ಹಾರ್ನ್ ಒಳಗೆ ಕಿವಿ ಇಟ್ಟಿರಿ. ಯಾರೂ ಮಾತಾಡದೆ ಇರುವಾಗಲೂ ಜೀವ ಇರುವ ಹಾರ್ನ್ ಸಣ್ಣಗೆ ಸುಸ್ಸೆನ್ನುತ್ತಿರುತ್ತದೆ, ಸತ್ತದ್ದು ಮಾತ್ರ ಪೂರಾ ಸುಮ್ಮನಿರುತ್ತದೆ ಎಂದು ಮದುವೆಯಾದ ಹೊಸತರಲ್ಲೇ ನನ್ನನ್ನೂ ಏಣಿ ಹತ್ತಿಸಿ ಕೇಳಿಸಿದವರಲ್ಲವೇ ನೀವು? ಬೇರೆಯವರ ಗಂಡಂದಿರು ಹೆಂಡತಿಯನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತಾರೆ, ನನ್ನ ಗಂಡ ಏಣಿ ಹತ್ತಿಸಿದರು ಎಂದು ನನ್ನ ತಂಗಿಯ ಹತ್ತಿರ ಹೇಳಿಕೊಂಡು ನಕ್ಕಿದ್ದೆ. ಅವತ್ತು ಆಸ್ಪತ್ರೆಯಲ್ಲಿ ನೀವು ಇದು ಸತ್ತಿದೆ ಎಂದಿರಿ. ಇಳಿದು ವೈರ್ ಬದಲಿಸಿ ಮತ್ತೆ ಹತ್ತಿದಿರಿ, ಮತ್ತೆ ಸತ್ತಿದೆ ಎಂದಿರಿ. ಆಮೇಲೆ ಮಗಳು ಹತ್ತಿ ಕಿವಿಯಿಟ್ಟು, ಕೆಳಗೆ ನಿಂತ ನಿಮ್ಮನ್ನು ನೋಡಿ, ‘ಅಪ್ಪಾ, ಇದಕ್ಕೆ ಜೀವ ಇದೆ’ ಎಂದಳು. ಮೆಲ್ಲಗೆ ಹೇಳಿದಳು, ಅದೂ ನಿಮಗೆ ಕೇಳಿಸಲಿಲ್ಲ. ಅವಳ ಮುಖ ನೋಡಿ ತಿಳಿದುಕೊಂಡಿರಿ. ಆ ದಿನದ ಕೆಲಸವನ್ನು ಅವಳೇ ಮುಗಿಸಿದಳು.

ಕಿವಿ ಹೋಯಿತೆಂದು ನಾನು ಅತ್ತಿದ್ದು ಕಡಿಮೆ. ಅದರ ಹಿಂದೆಯೇ ನಿಮ್ಮ ಮಾತು ಹೋಯಿತಲ್ಲ, ಅದಕ್ಕೆ ಅತ್ತದ್ದೇ ಹೆಚ್ಚು. ಔಷಧಿ ಅಂಗಡಿಯಲ್ಲಿ ನೀವು ಪಿಸುಗುಟ್ಟಿದ್ದೇನೆ ಎಂದುಕೊಂಡು ನನ್ನ ಕಿವಿಯಲ್ಲಿ ಹೇಳಿದ್ದು ಅಂಗಡಿಗೆಲ್ಲ ಕೇಳಿಸಿ ಎಲ್ಲರೂ ತಿರುಗಿ ನೋಡಿದರು. ಮಾರನೇ ದಿನ ನೀವು ಮೆಲ್ಲಗೆ ಮಾತಾಡಲು ಹೋದಿರಿ, ಏನೂ ಕೇಳಿಸದೆ ನಾನು ‘ಆಂ, ಆಂ’ ಎಂದೆ. ಅಲ್ಲಿಂದ ಬಾಯಿಗೆ ಬೀಗ ಹಾಕಿಕೊಂಡಿರಿ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಮುಂಚೆ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದಿರಿ, ದೇವರಿಗೂ ಹಲೋ ಟೆಸ್ಟಿಂಗ್ ಹೇಳ್ತೀರಾ ಎಂದು ನಾನು ಕಿಚಾಯಿಸುತ್ತಿದ್ದೆ. ಅದೂ ನಿಂತುಹೋಯಿತು. ‘ನನ್ನ ದನಿಯೇ ನನಗೆ ಕೇಳದ ಮೇಲೆ ಅದು ಅವನಿಗೆ ಮುಟ್ಟುತ್ತದೆ ಎಂದು ಹೇಗೆ ನಂಬಲಿ’ ಎಂದು ಒಂದು ಚೀಟಿಯಲ್ಲಿ ಬರೆದು ತೋರಿಸಿದಿರಿ. ಸದ್ದಿಲ್ಲದ ಜಾಗದಲ್ಲಿ ಸ್ವಲ್ಪ ದಿನ ಇರಲಿ ಎಂದು ಡಾಕ್ಟರು ಹೇಳಿದ್ದೇ ಸಾಕಾಯಿತು, ಅಕ್ಕನ ಮನೆಗೆ ಹೊರಟುಬಿಟ್ಟಿರಿ.

ಇರಲಿ. ನಿನ್ನೆಯ ಕಥೆಗೆ ಬರುತ್ತೇನೆ. ಹೋದ ವಾರ ಗಣಿತದ ಮೇಷ್ಟ್ರು ಅಂಗಡಿಗೆ ಬಂದಿದ್ದರು. ನಿಮಗೆ ಗೊತ್ತಲ್ಲ, ಈಗ ನಿವೃತ್ತರಾಗಿದ್ದಾರೆ, ತಮ್ಮ ಮನೆಯ ಹಜಾರದಲ್ಲಿ ವಾರಕ್ಕೊಮ್ಮೆ ಒಂದಷ್ಟು ಜನರನ್ನು ಕೂರಿಸಿಕೊಂಡು ಮೌನ ಪ್ರಾರ್ಥನೆ ಮಾಡಿಸುತ್ತಾರೆ. ಹಾಡಿಲ್ಲ, ಮಾತಿಲ್ಲ, ಅರ್ಧ ಗಂಟೆ ಸುಮ್ಮನೆ ಕೂರುವುದು. ಜನ ಹೆಚ್ಚಾಗಿ ಹಜಾರ ಸಾಲದೆ ಈ ಸಲ ಶಾಲೆಯ ಮೈದಾನ ಕೇಳಿ ಪಡೆದಿದ್ದಾರೆ, ಅದಕ್ಕೆ ಮೈಕ್ ಸೆಟ್ ಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ. ‘ಮೇಷ್ಟ್ರೇ, ಸುಮ್ಮನೆ ಕೂರೋಕೆ ಮೈಕ್ ಯಾಕೆ, ಚಾಪೆ ಸಾಕಲ್ಲ’ ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, ‘ಸುಮ್ಮನಿರಿ ಅಂತ ಹೇಳೋದಾದ್ರೂ ಕೊನೇ ಸಾಲಿಗೆ ಕೇಳಿಸಬೇಕಲ್ಲಮ್ಮ’ ಎಂದರು. ಅವರ ಲೆಕ್ಕ ಯಾವತ್ತು ತಪ್ಪಿದೆ? ಮೊದಲಿಗೆ ಒಂದು ಮಾತು, ಕೊನೆಗೆ ಒಂದು ಮಾತು, ಮಧ್ಯದಲ್ಲಿ ಏನೂ ಇಲ್ಲ, ಅಷ್ಟಕ್ಕೆ ಪೂರ್ತಿ ಸೆಟ್. ಬೇರೆ ಯಾರಾದರೂ ಕೇಳಿದ್ದರೆ, ಮಗಳನ್ನು ಈ ಕೆಲಸಕ್ಕೆ ಬಿಡಬೇಡ ಎಂದು ನೀವು ಬರೆದದ್ದು ನೆನಪಿಗೆ ಬರುತ್ತಿತ್ತು. ಆದರೆ ಇದರಲ್ಲಿ ಯಾರ ಕಿವಿ ಹಾಳಾಗುತ್ತದೆ ಎಂದು ಒಪ್ಪಿಕೊಂಡೆ. ಮಗಳು ಮಾತ್ರ ದೊಡ್ಡ ಮದುವೆಗೆ ಹೊರಟವಳ ಹಾಗೆ ಹಿಂದಿನ ದಿನವೇ ಮೈದಾನ ಅಳೆದು ಬಂದಳು.

ಆ ಮೈದಾನ ನಿಮಗೆ ಅಂಗೈ ಇದ್ದ ಹಾಗೆ. ಒಂದು ಕಡೆ ಬಸ್ ನಿಲ್ದಾಣ, ಇನ್ನೊಂದು ಕಡೆ ಮಾರುಕಟ್ಟೆ, ಬೆನ್ನಿಗೆ ತಗಡು ಬಡಿಯುವವರ ಸಾಲು. ದೇವರ ಜೊತೆ ಸುಮ್ಮನೆ ಕೂರಲು ಇಡೀ ಊರಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಿಕ್ಕಿಲ್ಲ. ಮಗಳು ಮೇಷ್ಟ್ರು ಕೂರುವ ಜಾಗವನ್ನು ಮೊದಲು ಗುರುತು ಮಾಡಿ, ಹಾರ್ನ್‌ಗಳನ್ನೆಲ್ಲ ಅವರಿಂದ ದೂರಕ್ಕೆ, ಅವರಿಗೆ ಬೆನ್ನು ಹಾಕಿ ಕಟ್ಟಿದಳು. ಒಂದನ್ನು ಗೇಟಿನ ಹತ್ತಿರ, ತಡವಾಗಿ ಬರುವವರಿಗೆಂದು ರಸ್ತೆಯ ಕಡೆಗೆ ತಿರುಗಿಸಿದಳು. ಹಾರ್ನ್ ಮುಖ ಯಾವತ್ತೂ ಮೈಕನ್ನು ನೋಡಬಾರದು, ನೋಡಿದರೆ ಎರಡೂ ಜಗಳಕ್ಕೆ ನಿಂತು ಕೀಂ ಎಂದು ಕಿರುಚುತ್ತವೆ ಎಂಬ ನಿಮ್ಮ ಪಾಠವನ್ನು ಅವಳು ಬಾಯಿಪಾಠ ಮಾಡಿದ್ದಾಳೆ. ಆಮೇಲೆ ಏಣಿ ಹಾಕಿ ಒಂದೊಂದಕ್ಕೂ ಕಿವಿ ಇಟ್ಟು ನೋಡಿದಳು. ನಿಮ್ಮ ಹಾಗೆಯೇ, ಒಂದು ಕಣ್ಣು ಮುಚ್ಚಿಕೊಂಡು. ಕೇಳಲು ಕಣ್ಣು ಯಾಕೆ ಮುಚ್ಚಬೇಕೋ ನಿಮ್ಮಿಬ್ಬರನ್ನೇ ಕೇಳಬೇಕು.

ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ನಮ್ಮ ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟ ವಾಸನೆ ಬಂತು. ಜನ ಆಗಲೇ ಬಂದು ಕೂರುತ್ತಿದ್ದಾರೆ. ನಾನಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದೆ. ಅವಳು ಓಡಿ ಹೋಗಿ ರೇಡಿಯೋ ರಿಪೇರಿಯವರ ಅಂಗಡಿಯಿಂದ ಇನ್ನೊಂದನ್ನು ಹೊತ್ತು ತಂದು ಜೋಡಿಸಿದಳು. ಎಡವಟ್ಟು ಆದದ್ದು ಅಲ್ಲೇ. ನಮ್ಮ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿ ಉಲ್ಟಾ ಅಲ್ಲವೇ, ನೀವು ಯಾವಾಗಲೋ ರಿಪೇರಿ ಮಾಡುವಾಗ ವೈರುಗಳನ್ನು ಅದಲುಬದಲು ಜೋಡಿಸಿ, ಇರಲಿ ಬಿಡು ಎಂದು ಹಾಗೇ ಬಿಟ್ಟಿರಿ. ಬಲಕ್ಕೆ ತಿರುಗಿಸಿದರೆ ಊರಿನವರ ಸೆಟ್ ಜೋರಾಗುತ್ತದೆ, ನಮ್ಮದು ಸುಮ್ಮನಾಗುತ್ತದೆ. ಅದರಿಂದ ನಮ್ಮ ಮನೆಯ ಎಲ್ಲರ ಕೈಯೂ ಉಲ್ಟಾ ಆಗಿದೆ. ಪಕ್ಕದ ಮನೆಯ ಮಗು ಮಲಗಿದೆ ಎಂದು ಅವರ ರೇಡಿಯೋ ಸಣ್ಣಗೆ ಮಾಡಲು ಹೋಗಿ ನಾನು ಮಗುವನ್ನು ಎಬ್ಬಿಸಿದ್ದು ನಿಮಗೆ ನೆನಪಿರಬೇಕು. ಆ ಮನೆಯಾಕೆ ಈಗಲೂ ನನ್ನನ್ನು ರೇಡಿಯೋ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಮೇಷ್ಟ್ರು ಮೈಕ್ ಮುಂದೆ ಕೂತು, ‘ಇವತ್ತು ದೇವರ ಹತ್ತಿರ ಏನೂ ಬೇಡೋದು ಬೇಡ. ಅವನು ಇದ್ದಾನೆ ಅಂತ ತಿಳ್ಕೊಂಡು ಸುಮ್ಮನೆ ಕೂರೋಣ’ ಎಂದರು. ಅಷ್ಟೇ. ಕಣ್ಣು ಮುಚ್ಚಿದರು. ಮಾತಾಡುವವರು ಇಲ್ಲದಿದ್ದರೆ ಮೈಕ್ ಬಂದ್ ಎನ್ನುವುದು ನಿಮ್ಮ ಮೊದಲನೇ ನಿಯಮ. ಯಾವುದೋ ಮದುವೆಯಲ್ಲಿ ಮೈಕ್ ತೆರೆದೇ ಇದ್ದಾಗ ಹುಡುಗಿಯ ಸೋದರಮಾವ ಬೀಗರ ಜಿಪುಣತನವನ್ನು ಬೀಗರಿಗೇ ಕೇಳಿಸಿದನಲ್ಲ, ಆವತ್ತಿನಿಂದ ಬಂದ ನಿಯಮ. ಮಗಳು ಅದರಂತೆ ಗುಂಡಿಗೆ ಕೈ ಹಾಕಿ, ನಮ್ಮ ಮನೆಯ ರೂಢಿಯಂತೆ ಬಲಕ್ಕೆ ಪೂರ್ತಿ ತಿರುಗಿಸಿಬಿಟ್ಟಳು. ಮೈಕ್ ಮುಚ್ಚಿದೆ ಎಂದು ಅವಳು ಅಂದುಕೊಂಡಳು, ಅದು ಹೆಬ್ಬಾಗಿಲಿನ ಹಾಗೆ ತೆರೆದುಕೊಂಡಿತು. ಹಾರ್ನ್‌ಗಳು ನೀವು ಹೇಳಿಕೊಟ್ಟ ಹಾಗೆ ಬೆನ್ನು ಹಾಕಿ ನಿಂತಿದ್ದರಿಂದ ಒಂದೂ ಕಿರುಚಲಿಲ್ಲ. ಕಿರುಚಿದ್ದರೆ ಆಗಲೇ ಗೊತ್ತಾಗಿ ಮುಚ್ಚಿಬಿಡುತ್ತಿದ್ದಳು, ನಾನು ಈ ಪತ್ರ ಬರೆಯುವ ಪ್ರಮೇಯವೂ ಬರುತ್ತಿರಲಿಲ್ಲ.

ಮೊದಲು ಏನೋ ಗಾಳಿ ಬೀಸುತ್ತಿದೆ ಎಂದುಕೊಂಡೆ. ಮರದ ಎಲೆ ನೋಡಿದೆ, ಅಲುಗಾಡುತ್ತಿರಲಿಲ್ಲ. ಮತ್ತೆ ಬಂತು. ಮೇಷ್ಟ್ರ ಉಸಿರು. ಆ ಮುದುಕರು ಮೂಗಿನಲ್ಲಿ ನಿಧಾನವಾಗಿ ಎಳೆದುಕೊಳ್ಳುವುದು, ಸ್ವಲ್ಪ ತಡೆಯುವುದು, ಬಿಡುವುದು, ಇಡೀ ಮೈದಾನದ ಮೇಲೆ, ಎಲ್ಲ ಹಾರ್ನ್‌ಗಳಿಂದಲೂ. ನಾನು ಮಗಳ ಕಡೆ ತಿರುಗಿದೆ. ಅವಳಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು, ಕೈ ಗುಂಡಿಯ ಮೇಲೇ ಇತ್ತು. ಮುಚ್ಚು ಎಂದು ನಾನು ಕೈಸನ್ನೆ ಮಾಡಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಕಣ್ಣು ಬಿಟ್ಟು ಗದರಿಸಿದೆ, ಆಗಲೂ ಇಲ್ಲ ಎಂದಳು. ಗುಂಡಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಅಂಗಡಿಯ ಹೆಸರು ಮಣ್ಣುಪಾಲಾಯಿತು ಎಂದುಕೊಂಡೆ. ಎದ್ದು ಹೋಗಿ ನಾನೇ ಮುಚ್ಚೋಣವೆಂದರೆ ನನ್ನ ಕೈಯೂ ಉಲ್ಟಾ, ಮುಚ್ಚಲು ಹೋಗಿ ಇನ್ನೇನು ಮಾಡುತ್ತೇನೋ ಎಂದು ಭಯ.

ಸುತ್ತ ನೋಡಿದೆ. ಯಾರೂ ನಗುತ್ತಿರಲಿಲ್ಲ. ಹಾಗೆಯೇ ಬೇಕೆಂದು ಮಾಡಿದ್ದು ಎಂದು ಎಲ್ಲರೂ ತಿಳಿದುಕೊಂಡಂತಿತ್ತು. ಹಿಂದಿನ ಸಾಲಿನಲ್ಲಿ ಚಡಪಡಿಸುತ್ತಿದ್ದ ಮಕ್ಕಳೂ ಬಾಯಿ ಮುಚ್ಚಿಕೊಂಡು ಆ ಉಸಿರಿನ ಜೊತೆ ಉಸಿರಾಡುತ್ತಿದ್ದವು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದ ಕಂಡಕ್ಟರ್ ಅರ್ಧಕ್ಕೆ ನಿಲ್ಲಿಸಿ ತಲೆಯೆತ್ತಿ ಹಾರ್ನ್ ನೋಡಿದ. ತಗಡು ಬಡಿಯುವವರಲ್ಲಿ ಒಬ್ಬ ಸುತ್ತಿಗೆ ಕೆಳಗಿಟ್ಟ, ಇನ್ನೊಬ್ಬ ಯಾಕೋ ಎಂದು ಕೇಳಿರಬೇಕು, ಅವನೂ ಇಟ್ಟ. ಊರೇ ಸ್ತಬ್ಧವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸುಗಳು ಓಡುತ್ತಲೇ ಇದ್ದವು, ಯಾವನೋ ಒಬ್ಬ ಗಾಡಿಯ ಹಾರ್ನ್ ಒತ್ತುತ್ತಲೇ ಇದ್ದ, ಮಾರುಕಟ್ಟೆಯಲ್ಲಿ ಯಾವುದೋ ಜಗಳ ನಡೆದೇ ಇತ್ತು. ಆ ಎಲ್ಲ ಗದ್ದಲದ ಅಡಿಯಲ್ಲಿ ಅದೊಂದು ಉಸಿರು ಮಾತ್ರ ತನ್ನ ಪಾಡಿಗೆ ತಾನು ಬಂದು ಹೋಗಿ ಮಾಡುತ್ತಿತ್ತು. ಆ ಗದ್ದಲವನ್ನು ಗೆಲ್ಲಬೇಕು ಎಂಬ ಹಟ ಅದಕ್ಕಿರಲಿಲ್ಲ.

ನಾನು ಪ್ರಾರ್ಥನೆ ಮಾಡಲು ಹೋದವಳಲ್ಲ, ವೈರ್ ಕಾಯಲು ಹೋದವಳು. ನಿಮ್ಮ ಕಿವಿ ಹೋದ ಮೇಲೆ ದೇವರ ಜೊತೆ ನನಗೆ ಮಾತುಕತೆ ಅಷ್ಟಕ್ಕಷ್ಟೇ ಆಗಿತ್ತು. ಆದರೂ ಅಲ್ಲಿ ಕೂತವಳಿಗೆ ನಿಮ್ಮ ನೆನಪು ಬಂತು. ಮಾತು ಬಿಟ್ಟ ಮೇಲೆ ನೀವು ಈ ಮನೆಯಲ್ಲಿ ಎಷ್ಟೋ ದಿನ ಇದ್ದಿರಲ್ಲ. ನಾನು ಒಲೆಯ ಮುಂದೆ ಇರುತ್ತಿದ್ದೆ, ನೀವು ನನ್ನ ಬೆನ್ನ ಹಿಂದೆ ಕುರ್ಚಿಯಲ್ಲಿ. ಕೆಳಗೆ ಯಾರೋ ಸೆಟ್ ಪರೀಕ್ಷೆ ಮಾಡುತ್ತಿರುತ್ತಿದ್ದರು, ಹೊರಗೆ ಲಾರಿ, ಒಳಗೆ ಕುಕ್ಕರು. ನಾನು ತಿರುಗಿ ನೋಡದೆಯೇ ನೀವು ಇದ್ದೀರಿ ಎಂದು ನನಗೆ ಗೊತ್ತಿರುತ್ತಿತ್ತು. ಯಾವ ಸದ್ದಿನಿಂದ ಗೊತ್ತಾಗುತ್ತಿತ್ತು ಎಂದು ಕೇಳಿದರೆ ಹೇಳಲಾರೆ. ನೀವು ಅಕ್ಕನ ಮನೆಗೆ ಹೋದ ಮಾರನೇ ಬೆಳಿಗ್ಗೆ ಒಲೆಯ ಮುಂದೆ ನಿಂತಾಗ ಬೆನ್ನ ಹಿಂದೆ ಖಾಲಿ ಎನ್ನುವುದೂ ತಿರುಗದೆಯೇ ಗೊತ್ತಾಯಿತು. ಮಾತಿಲ್ಲದ ಮನುಷ್ಯ ಮನೆಗೆ ಯಾವ ಪ್ರಯೋಜನಕ್ಕೆ ಎಂದು ನೀವು ಹೊರಟಿರಿ, ನನಗೆ ಅಷ್ಟು ದಿನವೂ ನೀವು ಜೊತೆಗೇ ಇದ್ದಿರಿ. ದೇವರೂ ಹಾಗೆ ನನ್ನ ಬೆನ್ನ ಹಿಂದೆ ಎಲ್ಲೋ ಒಂದು ಕುರ್ಚಿ ಹಾಕಿಕೊಂಡು ಕೂತಿರಬಹುದು ಎಂದು ನಿನ್ನೆ ಮೊದಲ ಸಲ ಅನ್ನಿಸಿತು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ, ಪಕ್ಕದವರು ಧೂಳು ಎಂದುಕೊಂಡರು.

ಅರ್ಧ ಗಂಟೆ ಮುಗಿಯುತ್ತಾ ಬಂದಾಗ ನನಗೆ ಇನ್ನೊಂದು ದಿಗಿಲು. ಮೈಕ್ ಪೂರ್ತಿ ತೆರೆದಿದೆ, ಮೇಷ್ಟ್ರು ಈಗ ಬಾಯಿ ತೆರೆದು ಏಳೋಣ ಎಂದರೆ ಸಿಡಿಲು ಬಡಿದ ಹಾಗಾಗಿ ವಯಸ್ಸಾದವರ ಎದೆಯೇ ಒಡೆಯಬಹುದು. ಮಗಳನ್ನು ನೋಡಿದೆ. ಅವಳು ಮೇಷ್ಟ್ರ ಮುಖದಿಂದ ಕಣ್ಣು ಕೀಳದೆ ಕೂತಿದ್ದಾಳೆ, ಕೈ ಮತ್ತೆ ಗುಂಡಿಯ ಮೇಲೆ. ಮಾತಾಡುವ ಮುಂಚೆ ಮನುಷ್ಯ ಒಂದು ಬೇರೆ ಥರ ಉಸಿರು ತೆಗೆದುಕೊಳ್ಳುತ್ತಾನಲ್ಲ, ಆ ಉಸಿರು ಬಂದ ತಕ್ಷಣ ಅವಳ ಕೈ ತಿರುಗಿತು. ಈ ಸಲ ಸರಿಯಾಗಿ, ಎಡಕ್ಕೆ. ಮೇಷ್ಟ್ರು ‘ಏಳೋಣವೇ’ ಎಂದದ್ದು ಪಕ್ಕದಲ್ಲಿ ಕೂತು ಕೇಳಿದ ಹಾಗೆ ಹದವಾಗಿ ಬಂತು. ಕೊನೆಯ ಸಾಲಿಗೆ ಕೇಳಿಸಿತು, ಮೊದಲ ಸಾಲಿಗೆ ಚುಚ್ಚಲಿಲ್ಲ. ರೀ, ನಿಮ್ಮ ಮಗಳು ಎಂದು ಹೇಳಿಕೊಳ್ಳಲು ನನಗೆ ಎದೆಯುಬ್ಬಿ ಬಂತು. ನೀವು ಅಲ್ಲಿ ಇರಬೇಕಿತ್ತು. ಕೇಳಿಸದಿದ್ದರೆ ಏನಂತೆ, ಆ ಕೈಯನ್ನು ನೋಡಬಹುದಿತ್ತು.

ಆಮೇಲೆ ಜನ ಮೇಷ್ಟ್ರನ್ನು ಮುತ್ತಿಕೊಂಡರು. ತಮ್ಮ ಉಸಿರು ಬಸ್ ನಿಲ್ದಾಣದ ತನಕ ಹೋಗಿತ್ತೆಂದು ಅವರಿಗೆ ಆಗಲೇ ತಿಳಿದದ್ದು. ‘ನನ್ನ ದಮ್ಮಿನ ಕಾಯಿಲೆ ಊರಿಗೆಲ್ಲ ಗೊತ್ತಾಯ್ತು ಅನ್ನಿ’ ಎಂದು ನಾಚಿಕೊಂಡರು. ಹಣ್ಣಿನ ಗಾಡಿಯವಳು ಗೇಟಿನ ಹೊರಗಿನಿಂದಲೇ ನನ್ನನ್ನು ಕರೆದು, ‘ಏನಕ್ಕ ಅದು? ನನ್ನ ಪಕ್ಕದಲ್ಲೇ ಯಾರೋ ಬಂದು ಕೂತ ಹಾಗಿತ್ತು. ಅಷ್ಟು ಹೊತ್ತು ನಾನು ಒಬ್ಬಳೇ ಅಂತ ಅನ್ನಿಸಲೇ ಇಲ್ಲ’ ಎಂದಳು. ಅವಳ ಗಂಡ ತೀರಿಕೊಂಡು ವರ್ಷವೂ ಆಗಿಲ್ಲ, ನಿಮಗೆ ಗೊತ್ತಲ್ಲ. ಮೇಷ್ಟ್ರು ಇನ್ನು ಮೇಲೆ ಪ್ರತಿ ತಿಂಗಳೂ ಮೈದಾನದಲ್ಲೇ ಕೂರೋಣ ಎಂದಿದ್ದಾರೆ. ಸೆಟ್ ನಮ್ಮದೇ ಬೇಕಂತೆ, ಸೆಟ್‌ಗಿಂತ ಹೆಚ್ಚಾಗಿ ಸೆಟ್ ಹಿಂದೆ ನಮ್ಮ ಹುಡುಗಿಯೇ ಕೂರಬೇಕಂತೆ. ಇವತ್ತು ಸಂಜೆಯ ವಿಷಯವನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ವೈರ್ ಸುತ್ತುವಾಗ ಅವಳನ್ನು ತರಾಟೆಗೆ ತೆಗೆದುಕೊಂಡೆ. ತಪ್ಪಿ ತಿರುಗಿಸಿದೆ ಸರಿ, ಗೊತ್ತಾದ ಮೇಲೆ ಯಾಕೆ ಮುಚ್ಚಲಿಲ್ಲ ಎಂದೆ. ಮಾತಾಡುವವರು ಮಾತಾಡುತ್ತಿರುವಾಗ ಗುಂಡಿ ಮುಟ್ಟಬೇಡ ಎನ್ನುವುದು ನಿಮ್ಮ ಎರಡನೇ ನಿಯಮವಲ್ಲವೇ, ಅವಳು ಅದನ್ನೇ ಹಿಡಿದುಕೊಂಡಳು. ‘ಯಾರೋ ಮಾತಾಡ್ತಿದ್ರು ಅಮ್ಮ. ಮಧ್ಯದಲ್ಲಿ ಹೇಗೆ ಆಫ್ ಮಾಡ್ಲಿ’ ಎಂದಳು. ಯಾರು ಮಾತಾಡುತ್ತಿದ್ದರು, ಮೇಷ್ಟ್ರು ತುಟಿ ಬಿಚ್ಚಿರಲಿಲ್ಲವಲ್ಲ ಎಂದೆ. ಅವಳು ಸುರುಳಿ ಸುತ್ತುತ್ತಾ ಹೋದಳು. ಚಿಕ್ಕವಳಿದ್ದಾಗ ಅತ್ತರೆ ಬೀದಿಯೇ ಎದ್ದು ಕೂರುತ್ತಿತ್ತು, ಅದಕ್ಕೇ ನೀವು ಗುಡುಗಮ್ಮ ಎಂದು ಕರೆದದ್ದು. ಆ ಗುಡುಗಮ್ಮನಿಗೆ ಇಷ್ಟು ಸಣ್ಣ ಸದ್ದಿನ ಮೇಲೆ ಇಷ್ಟು ಗೌರವ ಎಲ್ಲಿಂದ ಬಂತು ಎಂದು ಯೋಚಿಸಿದೆ. ಎಲ್ಲಿಂದ ಬರಬೇಕು, ಹಾರ್ನ್‌ಗೆ ಕಿವಿ ಹಚ್ಚಿ ಜೀವ ಇದೆಯೇ ಎಂದು ನೋಡುವ ಮನೆಯಲ್ಲಿ ಬೆಳೆದದ್ದರಿಂದಲೇ ಬಂತು. ಗದ್ದಲ ತುಂಬಿದೆ ಎಂದು ನಿಮ್ಮನ್ನು ನೀವು ಬೈದುಕೊಳ್ಳುತ್ತೀರಲ್ಲ, ಗದ್ದಲ ಶುರುವಾಗುವ ಮುಂಚೆ ಪ್ರತಿ ಸಲವೂ ನೀವು ಆ ಸಣ್ಣ ಸದ್ದನ್ನು ಕೇಳಿಸಿಕೊಂಡಿದ್ದೀರಿ. ಈ ಊರಿನಲ್ಲಿ ಬೇರೆ ಯಾರು ಅದಕ್ಕಾಗಿ ಏಣಿ ಹತ್ತಿದ್ದಾರೆ?

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ನೀವು ಸತ್ತಿದೆ ಎಂದ ಹಾರ್ನ್ ಸತ್ತಿರಲಿಲ್ಲ. ನಿಮಗೆ ಕೇಳಿಸಲಿಲ್ಲ, ಅಷ್ಟೇ. ಅದು ಅದರ ಪಾಡಿಗೆ ಸುಸ್ಸೆನ್ನುತ್ತಲೇ ಇತ್ತು. ಈಗ ದೇವರ ಕಡೆಯಿಂದ ಏನೂ ಇಲ್ಲ ಎಂದು ನೀವು ಬರೆದಾಗ ನನಗೆ ಅದೇ ಏಣಿ ನೆನಪಾಗುತ್ತದೆ. ನಾನು ನಿಮ್ಮಷ್ಟು ದೇವರನ್ನು ಬಲ್ಲವಳಲ್ಲ, ಆದರೆ ಹಾರ್ನ್‌ಗಳ ವಿಷಯದಲ್ಲಿ ನನಗೂ ಇಷ್ಟು ವರ್ಷದ ಅನುಭವ ಇದೆ. ಮಗಳ ಕಿವಿಯ ಚಿಂತೆ ನಿಮಗಿರುವಷ್ಟೇ ನನಗೂ ಇದೆ. ಅದು ಬರಿ ಹಠಕ್ಕೆ ಬಿಡುವ ವಿಷಯವಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಕಿವಿ ಚೆನ್ನಾಗಿದೆ. ಜೋರು ಕೆಲಸಕ್ಕೆ ಹಾಕಿಕೊಳ್ಳಲು ಮೆತ್ತನೆಯ ಮುಚ್ಚಳ ಕೊಟ್ಟಿದ್ದಾರೆ, ಹಾಕಿಕೊಳ್ಳುತ್ತಾಳೆ. ಎದೆ ನಡುಗಿಸುವ ಹಾಡಿನ ಕಾರ್ಯಕ್ರಮಗಳನ್ನು ಅವಳೇ ಬೇಡ ಎನ್ನುತ್ತಿದ್ದಾಳೆ. ಸಭೆ, ಶಾಲೆ, ಮದುವೆ, ಕೊನೇ ಸಾಲಿಗೆ ಕೇಳಿಸಿದರೆ ಸಾಕು ಎಂಬುದು ಅವಳ ಲೆಕ್ಕ. ನೀವು ಅವಳ ವಯಸ್ಸಿನಲ್ಲಿ ಇಷ್ಟು ತಿಳಿವಳಿಕೆಯಿಂದ ಇದ್ದಿದ್ದರೆ ಎಂದು ಬರೆಯಬೇಕೆಂದಿದ್ದೆ, ಬರೆಯುವುದಿಲ್ಲ.

ನಿನ್ನೆ ಸಂಜೆಯೇ ನಮ್ಮ ಆಂಪ್ಲಿಫೈಯರ್ ಬಿಚ್ಚಿ ಸುಟ್ಟ ಭಾಗ ಬದಲಿಸಿ ಸರಿಮಾಡಿದಳು. ಹೇಗೂ ಬಿಚ್ಚಿದ್ದೀಯಲ್ಲ, ಆ ಗುಂಡಿಯನ್ನೂ ನೆಟ್ಟಗೆ ಮಾಡಿಬಿಡು ಎಂದೆ. ಬೇಡ, ಅಪ್ಪನ ಕೈಗೆ ಇದೇ ಅಭ್ಯಾಸ ಎಂದಳು. ನಾಳೆ ಬೇರೆಯವರ ಪಾಲಾಗುವ ಸೆಟ್‌ಗೆ ಅಪ್ಪನ ಕೈ ಯಾಕೆ ಎಂದು ಕೇಳಬೇಕೆನಿಸಿತು. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಂಡಿ ನೋವಿಗೆ ನಾನು ಕಳಿಸಿದ ಎಣ್ಣೆ ಮುಟ್ಟಿತೋ ಇಲ್ಲವೋ ಬರೆಯಲು ಹೇಳಿ. ನಿಮ್ಮ ಹಳೇ ಸ್ವೆಟರ್ ಕಟ್ಟಿಡುತ್ತೇನೆ, ಅಲ್ಲಿ ಬೆಳಿಗ್ಗೆ ಚಳಿ ಇರುತ್ತದಂತೆ. ಕೆಳಗೆ ಲಾರಿ ಬಂದು ನಿಂತ ಸದ್ದಾಯಿತು, ಶಾಮಿಯಾನದವನೇ ಇರಬೇಕು. ಇಷ್ಟು ಬೇಗ ಬರುತ್ತಾನೆ ಎಂದುಕೊಂಡಿರಲಿಲ್ಲ. ಮಗಳು ಒಬ್ಬಳೇ ಇದ್ದಾಳೆ, ಹೋಗುತ್ತೇನೆ.

ನಿಮ್ಮ ಮೈ ನೆಟ್ಟಗಿರಲಿ, ಮನಸ್ಸು ತಿಳಿಯಾಗಲಿ. ಗುಡುಗಮ್ಮ ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾಳೆ.

ಇಂತಿ,
ನಿಮ್ಮ ಮನೆಯಾಕೆ

ತಾಜಾ ಕಲಂ: ಕವರ್ ಅಂಟಿಸುವ ಮುಂಚೆ ಮೆಟ್ಟಿಲ ಮೇಲೆ ಕೂತು ಇಷ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಅದಕ್ಕೇ. ನಾನು ಇಳಿದು ಹೋಗುವಷ್ಟರಲ್ಲಿ ಶಾಮಿಯಾನದವನ ಆಳುಗಳು ಎರಡು ಹಾರ್ನ್ ಲಾರಿಗೆ ಏರಿಸಿಯಾಗಿತ್ತು. ಮಗಳು ಕಂಬ ಹಿಡಿದುಕೊಂಡು ನಿಂತಿದ್ದಳು, ಕೊಡುತ್ತಲೂ ಇರಲಿಲ್ಲ, ಕೊಡುವುದಿಲ್ಲ ಎನ್ನುತ್ತಲೂ ಇರಲಿಲ್ಲ. ಅವಳ ಮುಖ ನೋಡಿದೆ, ಇಳಿಸಿ ಎಂದೆ. ಅವನು, ‘ಯಜಮಾನ್ರೇ ಪತ್ರ ಬರೆದಿದ್ದಾರಲ್ಲಮ್ಮ’ ಎಂದ. ‘ಪತ್ರ ಬೇಡಪ್ಪ. ಯಜಮಾನ್ರು ಬಂದು ಬಾಯಿಬಿಟ್ಟು ಹೇಳಲಿ, ಆಗ ಕೊಡ್ತೀನಿ’ ಎಂದೆ. ಲಾರಿ ಖಾಲಿ ಹೋಯಿತು. ಆದ್ದರಿಂದ ಮಾರಲೇಬೇಕೆಂದಿದ್ದರೆ ಬನ್ನಿ, ಈ ಮನೆಯಲ್ಲಿ ನಿಂತು ನಿಮ್ಮ ದನಿಯಲ್ಲಿ ಹೇಳಿ. ಬೈಯುವುದಿದ್ದರೂ ಹಾಗೆಯೇ ಬೈಯಿರಿ. ಎಷ್ಟು ಜೋರಾಗಿ ಬರುತ್ತದೋ ಎಂದು ಹೆದರಬೇಡಿ. ಜೋರಾದರೆ ಕೈ ಎತ್ತಿ ತೋರಿಸುತ್ತೇವೆ, ಮೆಲ್ಲಗಾದರೆ ಇಬ್ಬರೂ ಹತ್ತಿರ ಬಂದು ಕೂರುತ್ತೇವೆ.